ಮನುಷ್ಯರು ಹೋದ ಮೇಲೆ ಯಾರ ಕಾರುಬಾರು? ಬೀಗ ಹಾಕಿದ ಮನೆಯಲ್ಲಿ ಲೆಕ್ಕ ಹಾಕುವ ಬಗೆ

ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ನಾಲ್ಕಕ್ಕೆ ಬೀಗ. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಇದ್ದಾರೆ, ಅಪ್ಪ ಅಮ್ಮ ಅವರ ಜೊತೆ ಹೋದರು ಅಥವಾ ತೀರಿಹೋದರು. ನಾಲ್ಕೂ ಬೀಗದ ಕೈ ನನ್ನ ಮನೆಯ ಗೂಟಕ್ಕೆ ನೇತುಬಿದ್ದಿವೆ. ತಿಂಗಳಿಗೊಮ್ಮೆ ಹೋಗಿ ಬಾಗಿಲು ತೆಗೆದು ಗಾಳಿಯಾಡಿಸಿ, ಕೈಲಾದ ಕಡೆ ಜಾರಿದ ಹಂಚು ಸರಿಮಾಡಿ ಬರುತ್ತೇನೆ. ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜ, ಮನುಷ್ಯರೆಲ್ಲ ಇಲ್ಲದೇ ಹೋದ್ರೆ ಯಾವ ಪ್ರಾಣಿ ರಾಜ ಆಗ್ತದೆ?" ನಾನು ಬೀಗದ ಕೈ ತೆಗೆದುಕೊಂಡು ಅವಳನ್ನು ಹೊರಡಿಸಿದೆ. ನಿಮ್ಮೂರಲ್ಲೂ ಪಾಳು ಮನೆ ಇದ್ದೇ ಇರುತ್ತದೆ, ಮಾಡಿ ನೋಡಿ.

ಬೇರೆ ಬೇರೆ ಕಾಲಕ್ಕೆ ಬೀಗ ಬಿದ್ದ ಮನೆಗಳನ್ನು ಆರಿಸಿಕೊಳ್ಳಬೇಕು. ನನ್ನ ಸುಪರ್ದಿಯಲ್ಲಿ ಒಂದು ವರ್ಷದ್ದು, ಆರು ವರ್ಷದ್ದು, ಹದಿನಾಲ್ಕು ವರ್ಷದ್ದು ಇವೆ. ಮೂರನ್ನೂ ಒಂದೇ ಬೆಳಿಗ್ಗೆ ಸುತ್ತಿ ಬಂದರೆ ಹದಿನಾಲ್ಕು ವರ್ಷ ಕಾಯುವ ಕೆಲಸ ತಪ್ಪುತ್ತದೆ. ಒಲೆಬೂದಿ ಒಂದು ಸೇರು, ಜರಡಿ, ಟಾರ್ಚು, ಉದ್ದನೆಯ ಕೋಲು, ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಸಂಜೆ ಜಗಲಿ, ಅಡುಗೆಮನೆ ಹೊಸ್ತಿಲು, ಕೊಟ್ಟಿಗೆ ಬಾಗಿಲುಗಳಲ್ಲಿ ಬೂದಿಯನ್ನು ತೆಳ್ಳಗೆ ಜರಡಿ ಹಿಡಿದು ಬನ್ನಿ. ಬೆಳಿಗ್ಗೆ ಹೆಜ್ಜೆ ಓದಬಹುದು. ಅಟ್ಟದ ಮೇಲೆ ಬೀಜ ತುಂಬಿದ ಹಿಕ್ಕೆ ಇದ್ದರೆ ಮರಬೆಕ್ಕು. ಅಂಗಳದಲ್ಲಿ ಕಪ್ಪು-ಬಿಳಿ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ, ಹೇಳಬೇಕಾಗಿಯೇ ಇಲ್ಲ. ಕೋಲು ಯಾಕೆಂದರೆ ಬಚ್ಚಲೊಲೆಯ ಪಕ್ಕದ ಕಟ್ಟಿಗೆ ರಾಶಿಗೆ ಬರಿಗೈ ಹಾಕಬಾರದು. ಕೇರೆಹಾವಾದರೆ ಪರವಾಗಿಲ್ಲ, ಎಲ್ಲವೂ ಕೇರೆಯೇ ಆಗಿರುವುದಿಲ್ಲ.

ಕಂಡ ಪ್ರಾಣಿಯ ಹೆಸರು ಬರೆದು ಮುಂದೆ ಮೂರು ಪ್ರಶ್ನೆ ಹಾಕಿ. ನಾವಿಲ್ಲದ ನಾಳೆ ಇದು ಏನು ತಿನ್ನುತ್ತದೆ? ಇದನ್ನು ಯಾರು ತಿನ್ನುತ್ತಾರೆ? ನಮ್ಮ ಕೈಯಿಲ್ಲದೆ ಹೆತ್ತು ಸಾಕೀತೇ? ಶಕ್ತಿ, ಹಲ್ಲು, ಉಗುರು ಇವೆಲ್ಲ ಆಮೇಲಿನ ಮಾತು.

ಮೊದಲ ಪ್ರಶ್ನೆಯಲ್ಲೇ ಬಹಳ ಮಂದಿ ಉದುರುತ್ತಾರೆ. ಎಲ್ಲರೂ ಜಿರಳೆಯ ಹೆಸರು ಹೇಳುತ್ತಾರಲ್ಲ, ಅದನ್ನೇ ನೋಡೋಣ. ಪೇಟೆಯ ಅಡುಗೆಮನೆಯಲ್ಲಿ ಕಾಣುವ ಸಣ್ಣ ಕಂದು ಜಿರಳೆ, ಜರ್ಮನ್ ಜಿರಳೆ ಅಂತಾರೆ, ಕಾಡಿನಲ್ಲಿ ಸ್ವತಂತ್ರವಾಗಿ ಬಾಳುವುದು ಎಲ್ಲೂ ಕಂಡುಬಂದಿಲ್ಲ. ಅದಕ್ಕೆ ನಮ್ಮ ಗೋಡೆಯ ಬೆಚ್ಚಗೆ ಬೇಕು, ನಮ್ಮ ಎಂಜಲು ಬೇಕು. ಕಾಡಿನಲ್ಲಿ ದರಗಿನಡಿ ಬದುಕುವ ಜಿರಳೆಗಳು ಬೇರೆಯೇ ಇವೆ, ಅವಕ್ಕೆ ನಾವು ಇದ್ದರೂ ಒಂದೇ, ಹೋದರೂ ಒಂದೇ.

ಇಲಿಯದ್ದೂ ಇದೇ ಕತೆ. ಒಂದು ವರ್ಷದ ಮನೆಯಲ್ಲಿ ಬಿಟ್ಟುಹೋದ ಭತ್ತದ ಚೀಲದ ದೆಸೆಯಿಂದ ಬೂದಿಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಇಲಿ ಹೆಜ್ಜೆ. ಆರು ವರ್ಷದ ಮನೆಯಲ್ಲಿ ಒಂದೂ ಇಲ್ಲ. ಸ್ಕಾಟ್ಲೆಂಡಿನ ಆಚೆ ಅಟ್ಲಾಂಟಿಕ್ ಸಮುದ್ರದಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಅಲ್ಲಿ ಉಳಿದಿದ್ದ 36 ಜನ 1930ರ ಆಗಸ್ಟ್ 29ರಂದು ಊರು ಬಿಟ್ಟರು. ಆ ದ್ವೀಪದ್ದೇ ಆದ ಎರಡು ಬಗೆಯ ಪುಟ್ಟ ಇಲಿಗಳಿದ್ದವು, ಒಂದು ಮನೆಯೊಳಗಿನದು, ಒಂದು ಹೊಲದ್ದು. ಮನೆಯ ಇಲಿ ಕೆಲವೇ ವರ್ಷಗಳಲ್ಲಿ ನಿರ್ನಾಮ. ಹೊಲದ್ದು ಇವತ್ತಿಗೂ ಇದೆ.

ನಾಯಿಯ ವಿಷಯ ಬರೆಯಲು ಮನಸ್ಸಾಗುವುದಿಲ್ಲ. ಆರು ವರ್ಷದ ಆ ಮನೆಯವರು ಹೊರಟ ದಿನ ಅವರ ನಾಯಿ ಕರಿಯ ಜಗಲಿಯಲ್ಲೇ ಉಳಿದ. ನಾನು ದಿನಾ ಅನ್ನ ಹಾಕಿ ಬರುತ್ತಿದ್ದೆ, ಕರೆದರೆ ನಮ್ಮನೆಗೆ ಬರಲೊಲ್ಲ. ದೀಪಾವಳಿಯ ಹಿಂದಿನ ವಾರ ಜಗಲಿ ಖಾಲಿ. ಅಂಗಳದಲ್ಲಿ ಚಿರತೆಯ ಹೆಜ್ಜೆಯಿತ್ತು. ಎರಡನೇ ಪ್ರಶ್ನೆ ಇದ್ದದ್ದು ಇದಕ್ಕೇ. ಚೆರ್ನೋಬಿಲ್‌ನಲ್ಲೂ, 1986ರ ಏಪ್ರಿಲ್ 26ರ ಅಣುಸ್ಥಾವರ ದುರಂತದ ನಂತರ, ನಾಯಿಗಳು ಹೆಚ್ಚಾಗಿ ಉಳಿದದ್ದು ಕೆಲಸಗಾರರು ಓಡಾಡುವ, ಊಟ ಸಿಗುವ ಕಡೆ. ಜನ ಬಿಟ್ಟ ಕಾಡಿನ ಯಜಮಾನಿಕೆ ತೋಳಕ್ಕೆ ಹೋಯಿತು. ಬೆಲಾರೂಸ್ ಕಡೆಯ ನಿಷೇಧಿತ ಪ್ರದೇಶದಲ್ಲಿ ತೋಳಗಳು ಸುತ್ತಲಿನ ರಕ್ಷಿತಾರಣ್ಯಗಳಿಗಿಂತ ಏಳು ಪಟ್ಟು ಹೆಚ್ಚಿವೆ ಎಂದು 2015ರ ಅಧ್ಯಯನ ಹೇಳಿತು.

ಮೂರನೇ ಪ್ರಶ್ನೆಗೆ ಕೊಟ್ಟಿಗೆಗೆ ಹೋಗಿ. ಬಾಯ್ಲರ್ ಕೋಳಿ ಪ್ರಪಂಚದಲ್ಲಿ ಎಷ್ಟು ಕೋಟಿ ಇದ್ದರೇನು, ತನ್ನ ಮೈಭಾರವನ್ನೇ ಹೊರಲಾರದು. ದಿನಕ್ಕೆ ಹದಿನೈದು ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಎರಡು ದಿನ ಹಾಲು ಕರೆಯದಿದ್ದರೆ ಕೆಚ್ಚಲು ಬಾವು. ನಮ್ಮೂರ ತಳಿಯ ಹಸು ಮಲೆನಾಡು ಗಿಡ್ಡದ ಲೆಕ್ಕ ಬೇರೆ. ನಮ್ಮ ಗೌರಿ ಗುಡ್ಡದಲ್ಲೇ ಕರು ಹಾಕಿ, ಮೂರನೇ ದಿನ ಅದನ್ನು ಹಿಂದಿಟ್ಟುಕೊಂಡು ಮನೆಗೆ ಬಂದವಳು. ಹಿಂದೂ ಮಹಾಸಾಗರದ ಆಮ್‌ಸ್ಟರ್‌ಡ್ಯಾಮ್ ದ್ವೀಪದಲ್ಲಿ ಒಂದು ಕುಟುಂಬ ಬೇಸಾಯ ಮಾಡಲು ಬಂದು, ಕೈಲಾಗದೆ 1871ರಲ್ಲಿ ಐದೇ ಐದು ದನ ಬಿಟ್ಟು ಹೊರಟಿತು. ಆ ಐದು ಮುಂದೆ ಸುಮಾರು ಎರಡು ಸಾವಿರವಾದವು! ಆದರೆ ಅಲ್ಲಿ ಹುಲಿ ಚಿರತೆ ಇರಲಿಲ್ಲ. ನಮ್ಮ ಗಿಡ್ಡಕ್ಕೆ ನಾನು ಪೂರ್ತಿ ಅಂಕ ಕೊಡದಿರುವುದು ಆ ಕಾರಣಕ್ಕೆ.

ಹಾಗಾದರೆ ಯಾರು? ಹದಿನಾಲ್ಕು ವರ್ಷದ ಮನೆಗೆ ಬನ್ನಿ. ಒಂದು ಹಂಚು ಜಾರಿ, ರೀಪು ನೆನೆದು, ಗೆದ್ದಲು ಹಿಡಿದು, ಅಟ್ಟ ಅಡುಗೆಮನೆಗೆ ಇಳಿದಿದೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವವರಿಲ್ಲದೆ ಅಡಿಕೆ ಕೊಳೆ ಬಂದು ಉದುರಿತು. ತೋಟದ ಕಾಲುವೆಯಲ್ಲಿ ಹೂಳು ತುಂಬಿ ಕೆಸುವು ಬೆಳೆದಿದೆ. ಆ ಕೆಸುವಿನ ಗೆಡ್ಡೆಗೆ ಕಾಡುಹಂದಿ ನೆಲವನ್ನು ಟ್ರ್ಯಾಕ್ಟರ್ ಉತ್ತ ಹಾಗೆ ಮಗುಚಿ ಹಾಕಿದೆ. ಗೆಡ್ಡೆ, ಎರೆಹುಳ, ಬಿದ್ದ ಹಲಸು, ಸತ್ತ ಹಾವು, ಅದಕ್ಕೆ ಬೇಡವೆಂಬುದಿಲ್ಲ. ಒಂದು ಸೂಲಿಗೆ ನಾಲ್ಕಾರು ಮರಿ. ಮೂರು ಪ್ರಶ್ನೆಯಲ್ಲೂ ಇಷ್ಟು ಸಲೀಸಾಗಿ ಪಾಸಾದವರು ನನ್ನ ನೋಟ್‌ಬುಕ್ಕಿನಲ್ಲಿ ಬೇರಾರೂ ಇಲ್ಲ.

ಹಂದಿಯ ನಂತರ ಕಾಟಿ, ಅಂದರೆ ಕಾಡುಕೋಣ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ 2002ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿಗೆ, ಕೆಳಗೂರಿಗೆ ಸ್ಥಳಾಂತರವಾದವು. ಬಿಟ್ಟುಬಂದ ಗದ್ದೆಗಳು ಹುಲ್ಲಾದವು, ಹುಲ್ಲಿಗೆ ಜಿಂಕೆ, ಕಾಟಿ ಬಂದವು, ಅವುಗಳ ಹಿಂದೆ ಹುಲಿಯೂ ಇದ್ದೇ ಇದೆ. ಗದ್ದೆಯನ್ನು ಲಂಟಾನ ಹಿಡಿದರೆ ಮಾತ್ರ ಈ ಸಾಲು ಕೆಡುತ್ತದೆ, ಅದರ ಎಲೆ ತಿನ್ನುವವರು ಕಡಿಮೆ. ಆದ್ದರಿಂದ ಪ್ರಾಣಿಗಿಂತ ಮೊದಲು ಗದ್ದೆಯಲ್ಲಿ ಯಾವ ಗಿಡ ಎದ್ದಿದೆ ಎಂದು ಬರೆದುಕೊಳ್ಳುವುದು ಒಳ್ಳೆಯದು.

ತಪ್ಪುಗಳನ್ನು ಅಳಿಸದೆ ಹೊಡೆದುಹಾಕಿ ಇಡಿ, ಆಮೇಲೆ ಉಪಯೋಗಕ್ಕೆ ಬರುತ್ತದೆ. ನಾನು ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ "ಮಂಗ" ಎಂದು ಬರೆದಿದ್ದೆ. ಬುದ್ಧಿ ಇದೆ, ಕೈ ಇದೆ, ಒಂದು ವರ್ಷದ ಮನೆಯ ಹಂಚೆಲ್ಲ ಒಡೆದದ್ದೂ ಅದೇ. ಹದಿನಾಲ್ಕು ವರ್ಷದ ಮನೆಯಲ್ಲಿ ಅದರ ಸುಳಿವೇ ಇಲ್ಲ. ಬಾಳೆ ಹೋಗಿದೆ, ಪೇರಳೆ ಕಾಡಿನಡಿ ಮುಚ್ಚಿಹೋಗಿದೆ. ಇಡೀ ಹಿಂಡು ನಮ್ಮನೆ ಹಿತ್ತಿಲಿಗೆ ವರ್ಗವಾಗಿದೆ. ಮೇಲಾಗಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತದ್ದನ್ನು ಕೇಳಿ ಬೆಳೆದವನು ನಾನು. ಆ ಮಂಗನ ಕಾಯಿಲೆಗೆ ಒಂದು ಉಣುಗಿನ ಕಡಿತ ಸಾಕಾಯಿತು. "ಮಂಗ" ಹೊಡೆದು "ಹಂದಿ" ಎಂದು ಬರೆದೆ. ಮೊಮ್ಮಗಳಿಗೆ ಸಮಾಧಾನವಾಗಲಿಲ್ಲ. ನೋಟ್‌ಬುಕ್ಕು ಕಸಿದುಕೊಂಡು ಅದರ ಕೆಳಗೆ "ಮರಬೆಕ್ಕು" ಎಂದು ಸೇರಿಸಿದಳು. ಮುಂದಿನ ಬೇಸಿಗೆಗೆ ಬಂದು ಅವಳೇ ಬೂದಿ ಹಾಕುತ್ತಾಳಂತೆ.