ಬೀಡಿಯನ್ನು ಹೊಸ್ತಿಲಾಚೆ ಕಳಿಸುವುದು ಹೇಗೆ

ಮನೆಯಲ್ಲಿ ಸೇದುವವರಿದ್ದರೆ ಮೊದಲೇ "ಬಿಟ್ಟುಬಿಡಿ" ಅಂತ ಶುರು ಮಾಡಬೇಡಿ. ಜಗಳ ಆಗುತ್ತದೆ, ಬೀಡಿ ನಿಲ್ಲುವುದಿಲ್ಲ. ಮೊದಲು ಹೊಗೆ ಮನೆಯಿಂದ ಹೊರಗೆ ಹೋಗಲಿ. ಬಿಡಿಸುವ ಮಾತು ಆಮೇಲೆ. ದಾವಣಗೆರೆಯ ನಮ್ಮ ಪುಟ್ಟ ಮನೆಯಲ್ಲಿ ಮಾವ ಬೀಡಿ ಸೇದುತ್ತಾರೆ, ಯಜಮಾನರು ಸಿಗರೇಟು ಸೇದುತ್ತಿದ್ದರು. ಹಾಗಾಗಿ ಇದು ಅನುಭವದ ಮಾತು.

"ಕಿಟಕಿ ಹತ್ರ ಕೂತು ಸೇದ್ತೀನಿ", "ಫ್ಯಾನ್ ಹಾಕಿದೀನಲ್ಲ" ಅನ್ನುತ್ತಾರೆ. ಎರಡಕ್ಕೂ ಒಪ್ಪಬೇಡಿ. ಫ್ಯಾನು ಹೊಗೆಯನ್ನು ಓಡಿಸುವುದಿಲ್ಲ, ಮನೆ ತುಂಬ ಹಂಚುತ್ತದೆ. ಊದುಬತ್ತಿ ಹಚ್ಚಿದರೆ ವಾಸನೆ ಮುಚ್ಚುತ್ತದೆ ಅಷ್ಟೇ, ಮೇಲೆ ಅದರ ಹೊಗೆ ಬೇರೆ. ಕೋಣೆಯಲ್ಲಿ ನಿಲ್ಲುವ ಹೊಗೆಯಲ್ಲಿ ಹೆಚ್ಚಿನದು ಬಾಯಿಂದ ಬಿಟ್ಟಿದ್ದಲ್ಲ. ಬೆರಳ ಸಂದಿಯಲ್ಲಿ ಸುಮ್ನೆ ಉರಿಯುವ ತುದಿಯಿಂದ ಎದ್ದದ್ದು. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಸೇದುವವರ ಜೊತೆ ಒಂದೇ ಮನೆಯಲ್ಲಿರುವ, ತಾವು ಸೇದದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇಕಡ 20ರಿಂದ 30ರಷ್ಟು ಜಾಸ್ತಿ. 1981ರಲ್ಲೇ ಜಪಾನಿನ ಹಿರಯಾಮ ಅನ್ನುವ ಸಂಶೋಧಕರು ಇದನ್ನು ತೋರಿಸಿದ್ದರು. ಸಿಗರೇಟು ಮುಟ್ಟದ 91,540 ಹೆಂಡತಿಯರನ್ನು 14 ವರ್ಷ ಗಮನಿಸಿದ್ದರು. ಗಂಡ ಜಾಸ್ತಿ ಸೇದಿದಷ್ಟೂ ಹೆಂಡತಿಗೆ ಅಪಾಯ ಜಾಸ್ತಿ ಇತ್ತು.

ಮಾವನಿಗೆ ಇದನ್ನು ಹೇಳಿದೆ. "ಅದು ಜಪಾನಿನೋರದ್ದು ಬಿಡಮ್ಮ" ಅಂದರು. ಅಂಕಿ-ಸಂಖ್ಯೆ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಒದ್ದೆ ಬಟ್ಟೆ. ಅವರು ಕೂರುವ ಜಾಗದ ಮೇಲಿನ ಟ್ಯೂಬ್‌ಲೈಟ್ ಪಟ್ಟಿಯನ್ನು ಅವರೆದುರೇ ಒರೆಸಿ. ಬಟ್ಟೆಗೆ ಹತ್ತುವುದು ಬರೀ ಧೂಳಲ್ಲ, ಅಂಟಂಟಾದ ಕಂದು ಜಿಗುಟು. ಗೋಡೆಯ ಹಳೇ ಕ್ಯಾಲೆಂಡರ್ ತೆಗೆದರೆ ಅದರಡಿಯ ಗೋಡೆ ಬೆಳ್ಳಗಿರುತ್ತದೆ, ಸುತ್ತ ಹಳದಿ. ಮಾವ ಆ ಚೌಕವನ್ನು ನೋಡಿದರು, ಅತ್ತೆಯ ಮುಖ ನೋಡಿದರು, ಏನೂ ಹೇಳಲಿಲ್ಲ. ಹೊರಗೆ ಹೋಗಿ ಸೇದಿ ಅಂತ ಕೇಳುವುದಿದ್ದರೆ ಆಗಲೇ ಕೇಳಿ.

ಹೊರಗೆ ಅಂದರೆ ಬಾಗಿಲಲ್ಲಿ ನಿಂತುಕೊಂಡಲ್ಲ. ಅಲ್ಲಿಂದ ಹೊಗೆ ವಾಪಸ್ ಒಳಗೇ ಬರುತ್ತದೆ. ಬಾಗಿಲು, ಕಿಟಕಿಯಿಂದ ದೂರಕ್ಕೆ ಒಂದು ಸ್ಟೂಲ್ ಹಾಕಿ. ಮಳೆ ಬಂದರೂ ನೆನೆಯದ ಜಾಗ ಹುಡುಕಿ, ಇಲ್ಲದಿದ್ದರೆ ಜೂನ್‌ನಲ್ಲಿ ನಿಮ್ಮ ನಿಯಮ ಮುರಿದುಬೀಳುತ್ತದೆ. ಬೀಡಿ ಕಟ್ಟು, ಬೆಂಕಿಪೊಟ್ಟಣ, ಬೂದಿ ಹಾಕುವ ಡಬ್ಬಿ ಮೂರೂ ಅಲ್ಲೇ ಇರಲಿ. ಒಳಗೆ ಬೂದಿ ಡಬ್ಬಿ ಕಂಡರೆ ಸೇದಬಹುದು ಅಂತಲೇ ಅರ್ಥ. ಬಚ್ಚಲು, ಕಕ್ಕಸು ಕೂಡ ಮನೆಯೇ. ಬೆಳಗಿನ ಮೊದಲ ಬೀಡಿಗೆ ಅಲ್ಲೇ ಹೋಗುವವರು ಬಹಳ. ನೆಂಟರಿಗೆ ಹೇಳುವ ಕೆಲಸವನ್ನು ಸೇದುವವರಿಗೇ ಕೊಡಿ. ಸೊಸೆ ಹೇಳಿದರೆ ಅಹಂಕಾರ ಅನ್ನುತ್ತಾರೆ, ಮಾವ ಹೇಳಿದರೆ ಮನೆಯ ಪದ್ಧತಿ ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಸೇದಿದರೆ ನಮ್ಮ ರಾಜ್ಯದಲ್ಲಿ ಈಗ 1000 ರೂಪಾಯಿವರೆಗೆ ದಂಡ. ಮನೆಯೊಳಗೆ ಯಾವ ಕಾನೂನೂ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಇನ್ನು ಬಿಡುವ ಮಾತು. ಎದ್ದು ಹೊರಗೆ ಹೋಗಬೇಕು ಅಂದಮೇಲೆ ಎಣಿಕೆ ತಾನಾಗಿ ಇಳಿಯುತ್ತದೆ. ಆಗ ಒಂದು ದಿನ ಗೊತ್ತು ಮಾಡಿ. ಮದುವೆ, ಜಾತ್ರೆ ಹತ್ತಿರ ಬೇಡ. ನಮ್ಮ ಯಜಮಾನರಿಗೆ ಸಹಾಯ ಆದದ್ದು ನಿಕೋಟಿನ್ ಗಮ್, ಅಂದರೆ ತಂಬಾಕಿನ ಚಟ ಹಿಡಿಸುವ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಟ್ಟು ತವಕ ತಗ್ಗಿಸುವ ಗಮ್. 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಚೂಯಿಂಗ್ ಗಮ್ ಥರ ಒಂದೇ ಸಮ ಅಗಿಯುವಂತಿಲ್ಲ, ಹಾಗೆ ಮಾಡಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನಿಧಾನವಾಗಿ ಅಗಿಯಿರಿ. ಮೆಣಸಿನ ಥರ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಬಾಯಲ್ಲಿ ಗಮ್ ಇರುವಾಗ, ಅದಕ್ಕೂ 15 ನಿಮಿಷ ಮೊದಲು ಟೀ, ಕಾಫಿ ಕುಡಿಯಬಾರದು. ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಟೀ ಜೊತೆಗೇ ಸಿಗರೇಟು ನೆನಪಾಗುವವರಿಗೆ ಇದು ಕಷ್ಟದ ನಿಯಮ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಗೊಳ್ಳಲಿ.

ಮೊದಲ ವಾರ ಸಿಡಿಮಿಡಿ ಇದ್ದೇ ಇರುತ್ತದೆ. ಉಪ್ಪು ಕಮ್ಮಿ ಅಂತ ತಟ್ಟೆ ಸರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸೇದಬೇಕು ಅನ್ನುವ ತವಕ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ಕೈಗೆ ಕೆಲಸ ಕೊಡಿ. ಮಂಡಕ್ಕಿ ತಂದಿಟ್ಟಿರಿ. 1800-11-2356ಕ್ಕೆ ಫೋನ್ ಮಾಡಿದರೆ ಸಲಹೆ ಕೊಡುತ್ತಾರೆ, ದುಡ್ಡಿಲ್ಲ. ಬಿಟ್ಟು 10 ವರ್ಷ ಆದರೆ, ಸೇದುತ್ತಲೇ ಇರುವವರಿಗೆ ಹೋಲಿಸಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾವ ಇನ್ನೂ ಬಿಟ್ಟಿಲ್ಲ. ಸ್ಟೂಲ್ ಮೇಲೇ ಕೂರುತ್ತಾರೆ.

ಕೆಮ್ಮು ಮೂರು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ದನಿ ಒಡೆದು ಹಾಗೇ ಉಳಿದರೆ, ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಶ್ವಾಸಕೋಶಕ್ಕೆ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಅಲ್ಲಿನ ಕ್ಯಾನ್ಸರ್ ಪತ್ತೆ ತಡವಾಗುವುದು. ನಮ್ಮಲ್ಲಿ ಕೆಮ್ಮಿದರೆ ಮೊದಲು ಅನುಮಾನ ಟಿಬಿ ಮೇಲೆ. ಅದು ತಪ್ಪಲ್ಲ. ಆದರೆ ಕಫದ ಪರೀಕ್ಷೆಯಲ್ಲಿ ಟಿಬಿ ಕಾಣದೆ, ಮಾತ್ರೆ ನುಂಗಿದರೂ ಕೆಮ್ಮು ಹೋಗದಿದ್ದರೆ ಸಿಟಿ ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. 50 ದಾಟಿ, ದಿನಕ್ಕೊಂದು ಪ್ಯಾಕಿನಂತೆ 20 ವರ್ಷ ಸೇದಿದವರು ತೊಂದರೆ ಇಲ್ಲದಿದ್ದರೂ ಕಡಿಮೆ ವಿಕಿರಣದ ಸಿಟಿ ಬಗ್ಗೆ ವಿಚಾರಿಸಬಹುದು. ಸಣ್ಣ ಗಡ್ಡೆ ಬರೀ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಮನೆಯ ಹೆಂಗಸರನ್ನು ಕರೆದುಕೊಂಡು ಹೋದಾಗ ಒಂದು ಜ್ಞಾಪಕ ಇರಲಿ. "ಸೇದ್ತೀರಾ?" ಅಂತ ಡಾಕ್ಟರು ಕೇಳಿದರೆ ಅವರು "ಛೇ, ಇಲ್ಲಪ್ಪ" ಅಂದು ಸುಮ್ಮನಾಗುತ್ತಾರೆ. ಮನೆಯಲ್ಲಿ ಯಾರು ಸೇದುತ್ತಾರೆ, ಎಷ್ಟು ವರ್ಷದಿಂದ, ಸೌದೆ ಒಲೆಯ ಮುಂದೆ ಎಷ್ಟು ಕಾಲ ಕೂತಿದ್ದರು ಅನ್ನುವುದನ್ನು ನೀವೇ ಸೇರಿಸಿ ಹೇಳಿ.