ಪ್ಲ್ಯಾಟಿನಂ ಇಲ್ಲದೆ ನೀರು ಒಡೆದದ್ದು: ಭೋಸರಿಯಿಂದ ನನ್ನ ಅನುಭವ

ಕರೆಂಟ್ ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಸೆಲ್ ಕಟ್ಟುತ್ತಿದ್ದೇನೆ. ವೋಲ್ಟ್ ಕಡಿಮೆಯಾದಷ್ಟೂ ವಿದ್ಯುತ್ ಉಳಿತಾಯ. ಕೊನೆಗೂ ಮೀಟರ್ 1.75 ವೋಲ್ಟ್‌ನಲ್ಲಿ ನಿಂತಿತು. ಚದರ ಸೆಂಟಿಮೀಟರಿಗೆ 100 ಮಿಲಿಆಂಪ್, ಒಂದು ಮೋಲಾರ್ ಕಾಸ್ಟಿಕ್ ಪೊಟ್ಯಾಶ್ (ಕ್ಷಾರದ ದ್ರಾವಣ), ಬಿಸಿ ಮಾಡಿಲ್ಲ. "ಇರಿಡಿಯಂ ಇಲ್ಲದೆ ಆಗೋ ಕೆಲಸ ಅಲ್ಲ ಬಿಡ್ರಿ" ಎಂದವರಿಗೆಲ್ಲ ಆ ಮೀಟರಿನ ಫೋಟೋ ಕಳಿಸಿದೆ. ಇರಿಡಿಯಂ ಪ್ಲ್ಯಾಟಿನಂ ಜಾತಿಯ ದುಬಾರಿ ಲೋಹ. ಕ್ಷಾರದ ಬದಲು ಆಸಿಡ್ ಗುಣದ ಪೊರೆ ಇರುವ ಮೆಂಬ್ರೇನ್ ಸೆಲ್ಲಿಗೆ ಅದು ಬೇಕು, ಒಪ್ಪಿದೆ. ಕಾಸ್ಟಿಕ್‌ನಲ್ಲಿ ಬೇಡವೇ ಬೇಡ.

ಪುಣೆ ಹತ್ತಿರದ ಭೋಸರಿಯಲ್ಲಿ ನನ್ನದು ನಿಕಲ್ ಪ್ಲೇಟಿಂಗ್ ಶಾಪು. ಮೊದಲು ದುಡ್ಡು ಕಳೆದದ್ದೇ ಎಲೆಕ್ಟ್ರೋಡಿನ ಜಾಲರಿಯಲ್ಲಿ. ಶುದ್ಧ ನಿಕಲ್ ಎಂದು ಒಬ್ಬರು ಆರು ಸಾವಿರಕ್ಕೆ ಕೊಟ್ಟರು. ಅಯಸ್ಕಾಂತಕ್ಕೆ ಅಂಟಿತು, ನಿಕಲ್ಲೂ ಅಂಟುತ್ತದಲ್ಲ, ಸುಮ್ಮನಾದೆ. ತೊಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಕತ್ತರಿಸಿದ ತುದಿಗಳೆಲ್ಲ ಕೆಂಪು ತುಕ್ಕು! ಒಳಗೆ ಬರೀ ಕಬ್ಬಿಣ. ಆಮೇಲೆ 316 ಸ್ಟೀಲ್ ಜಾಲರಿ ಹಾಕಿದೆ. ಚೆನ್ನಾಗಿ ಓಡಿತು, ಆದರೆ ಮೂರನೇ ದಿನ ನೀರು ಹಳದಿಯಾಯಿತು. ಕ್ರೋಮ್ ಬಾತ್ (ಪ್ಲೇಟಿಂಗ್ ದ್ರಾವಣ) ನೋಡಿದವನಿಗೆ ಆ ಹಳದಿ ಬೇರೆ ಹೇಳಬೇಕೆ? ಸ್ಟೀಲಿನ ಕ್ರೋಮಿಯಂ ಕರಗುತ್ತಿತ್ತು. ಅವತ್ತೇ ಬಿಟ್ಟೆ.

ಈಗ ಆನೋಡಿಗೆ, ಅಂದರೆ ಆಕ್ಸಿಜನ್ ಬರುವ ಎಲೆಕ್ಟ್ರೋಡಿಗೆ, ಇರುವುದು ನಿಕಲ್ ಫೋಮ್ (ಸ್ಪಂಜಿನಂಥ ನಿಕಲ್), ಮೇಲೆ ನೈಟ್ರೇಟ್ ಬಾತ್‌ನಿಂದ ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್. ಹತ್ತು ಮಿಲಿಆಂಪ್, ಐದಾರು ನಿಮಿಷ. ಪದರ ಉದುರುತ್ತಿದ್ದುದಕ್ಕೆ ಕಾರಣ ಹಿಡಿಯಲು ಎರಡು ತಿಂಗಳಾಯಿತು. ಹಿಂದಿನ ದಿನದ ಬಾತ್! ರಾತ್ರಿಯಿಡೀ ಇಟ್ಟರೆ ಕಬ್ಬಿಣ ಕಂದು ಕೆಸರಾಗಿ ತಳಕ್ಕೆ ಕೂರುತ್ತದೆ. ಅದರಲ್ಲಿ ಕೂಡಿಸಿದ ಪದರ ಗುಳ್ಳೆ ಏಳುತ್ತಲೇ ಚಕ್ಕೆಚಕ್ಕೆಯಾಗಿ ಬಿಡುತ್ತದೆ. ಬೆಳಗ್ಗೆ ಕಲಸಿ ಮಧ್ಯಾಹ್ನದೊಳಗೆ ಮುಗಿಸಿ. ಆಸಿಡ್‌ನಲ್ಲಿ ಅದ್ದಿ ತೊಳೆದ ಮೇಲೆ ಫೋಮ್ ಒಣಗಲು ಬಿಡಬೇಡಿ. ಕಬ್ಬಿಣ ಎಷ್ಟು, ಕೊನೆಯ ಅರ್ಧ ನಿಮಿಷ ಏನು ಮಾಡುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಅಲಿಬಾಗ್‌ನಿಂದ ಒಂದು ಕ್ಯಾನ್ ಸಮುದ್ರದ ನೀರು ತಂದು ಹಾಗೇ ಹಾಕಿ ನೋಡಿದೆ. ಹತ್ತು ನಿಮಿಷಕ್ಕೆ ಬ್ಲೀಚಿಂಗ್ ಪೌಡರಿನ ವಾಸನೆ, ಉಪ್ಪಿನಿಂದ ಕ್ಲೋರಿನ್. ಕಿಟಕಿ ತೆಗೆದು ಹೊರಗೆ ಬಂದೆವು. ಈಗ ಡಿಎಂ ವಾಟರ್ (ಲವಣ ತೆಗೆದ ನೀರು) ಬಿಟ್ಟರೆ ಬೇರೆ ಮುಟ್ಟುವುದಿಲ್ಲ.

ಕ್ಯಾಥೋಡಿಗೆ, ಅಂದರೆ ಹೈಡ್ರೋಜನ್ ಬರುವ ಎಲೆಕ್ಟ್ರೋಡಿಗೆ, ನಿಕಲ್-ಮಾಲಿಬ್ಡಿನಂ. ಒಂದು ಗುರುವಾರ ಕರೆಂಟ್ ಹೋಗಿ ಸೆಲ್ ದಿನವಿಡೀ ಸುಮ್ಮನೆ ನಿಂತಾಗ ಮಾಲಿಬ್ಡಿನಂ ಕಾಸ್ಟಿಕ್‌ಗೆ ಕರಗಿತು, ವೋಲ್ಟೇಜ್ 2ರ ಹತ್ತಿರ ಹೋಯಿತು. ಈಗ ಪುಣೆಯ ಬುಧವಾರ ಪೇಟೆ ಎಂಬ ಬಡಾವಣೆಯಿಂದ ತಂದ ಸಣ್ಣ ಚಾರ್ಜರ್, ಹಳೆ ಬ್ಯಾಟರಿ ಕಟ್ಟಿ ಸೆಲ್ಲಿಗೆ ಸದಾ ಸ್ವಲ್ಪ ಕರೆಂಟ್ ಕೊಡುತ್ತಿದ್ದೇನೆ.

ಒಟ್ಟು ಖರ್ಚು ಮೂವತ್ತೆಂಟು ಸಾವಿರ ಇರಬಹುದು. ನನ್ನ ಮೊದಲ ಸೆಲ್ 2.3 ವೋಲ್ಟ್ ತಿನ್ನುತ್ತಿತ್ತು. ಈಗ ಕಿಲೋ ಹೈಡ್ರೋಜನ್ನಿಗೆ ಸುಮಾರು ಹದಿನಾಲ್ಕೂವರೆ ಯೂನಿಟ್ ಉಳಿತಾಯ. ಮುಂದಿನ ತಿಂಗಳು ಅಂಗೈಯಗಲದ ಫೋಮ್ ಹಾಕುತ್ತಿದ್ದೇನೆ.