ತೋಟದ ಬದಿಯಲ್ಲಿ ಉರುಳು ಕಂಡರೆ: ಅರಣ್ಯ ಸಿಬ್ಬಂದಿಗೆ ನೆರವಾಗುವ ಕ್ರಮ

ಉಡುಪಿ, ಕಾರ್ಕಳ, ಹೆಬ್ರಿಯ ಕಡೆ ಹಾಡಿಗೆ (ಕಾಡಿಗೆ) ತಾಗಿಕೊಂಡಿರುವ ಅಡಿಕೆ ತೋಟಗಳಲ್ಲಿ ಕಾಡುಹಂದಿಯ ಕಾಟಕ್ಕೆ ಬೇಸತ್ತವರು ಬೈಕಿನ ಬ್ರೇಕ್ ಕೇಬಲ್‌ನಂಥ ತಂತಿಯಿಂದ ಉರುಳು ಇಡುವುದುಂಟು. ಹಂದಿಗೆಂದು ಇಟ್ಟ ಆ ಉರುಳಿಗೆ ಅದೇ ಜಾಡಿನಲ್ಲಿ ಬರುವ ಚಿರತೆ ಸಿಲುಕುವುದು ನಮ್ಮ ಕರಾವಳಿಗೆ ಹೊಸತಲ್ಲ. ಉರುಳು ಕಣ್ಣಿಗೆ ಬಿದ್ದೊಡನೆ ಒಳ್ಳೆಯ ಮನಸ್ಸಿನವರು ಅದನ್ನು ಕಿತ್ತೆಸೆಯುತ್ತಾರೆ. ಸಾಕ್ಷ್ಯವೇ ಅಳಿಸಿಹೋಗುವುದರಿಂದ ಇಟ್ಟವನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದೂ, ಹಾಗೆ ಹಿಡಿಯಲು ಯತ್ನಿಸುವುದೂ ಬೇಟೆಯೇ ಆಗಿರುವುದರಿಂದ, ಪ್ರಾಣಿ ಬೀಳುವವರೆಗೆ ಕಾಯಬೇಕಾಗಿಲ್ಲ. ಕೂಡಲೇ 1926 ಸಹಾಯವಾಣಿಗೆ ಅಥವಾ ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿರಿ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳು ಕಾರ್ಕಳದಲ್ಲಿ ಕೇಂದ್ರ ಕಚೇರಿಯಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿವೆ. ಆದರೆ ಯಾವ ಜಾಗ ಯಾರ ವ್ಯಾಪ್ತಿಗೆ ಎಂಬ ಗಡಿಯ ಲೆಕ್ಕಾಚಾರ ಇಲಾಖೆಗೆ ಬಿಟ್ಟದ್ದು. ಸಿಬ್ಬಂದಿ ಬರುವವರೆಗೆ ಉರುಳನ್ನು ಮುಟ್ಟದೆ, ಕಟ್ಟಿದ ಮರವೂ ಗಂಟೂ ಕಾಣುವಂತೆ ಫೋಟೊ ತೆಗೆದು, ದೂರದಲ್ಲಿ ಕಾವಲಿರಿ. ಅವರು ಬರುವುದು ತಡವಾಗುವುದಾದರೆ, ಫೋನಿನಲ್ಲಿ ಅವರ ಒಪ್ಪಿಗೆ ಪಡೆದ ಮೇಲಷ್ಟೇ ಕುಣಿಕೆಯನ್ನು ಸಡಿಲಿಸಿರಿ.

ಜೀವಂತ ಪ್ರಾಣಿ ಸಿಲುಕಿದ್ದರೆ ಕೆಲಸವೇ ಬೇರೆ. ಜನ ಸೇರಿ ಗದ್ದಲವಾದಷ್ಟೂ ಅದು ಎಳೆದಾಡಿ, ತಂತಿ ಸೊಂಟಕ್ಕೆ ಇನ್ನಷ್ಟು ಬಿಗಿಯುತ್ತದೆ. ಅರಿವಳಿಕೆ ನೀಡುವ ಪಶುವೈದ್ಯರು ಬರುವವರೆಗೆ ಜನರನ್ನು ದೂರವಿಡುವುದೇ ಊರಿನವರು ಮಾಡಬಹುದಾದ ಚಿಕಿತ್ಸೆ.

ಗಸ್ತು ಸಿಬ್ಬಂದಿಗೆ ನಿಜವಾಗಿ ಜನರ ಕೊರತೆಯಾಗುವುದು ಮಹಜರಿನ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳೆದುರು ಬರೆದಿಡುವ, ಹೊತ್ತಿಗೆ. ಕಾಯ್ದೆಯ 50ನೇ ಕಲಮು ಅಧಿಕೃತ ಅಧಿಕಾರಿಗಳಿಗೆ ಶೋಧಿಸುವ, ವಶಪಡಿಸಿಕೊಳ್ಳುವ, ಬಂಧಿಸುವ ಅಧಿಕಾರ ಕೊಟ್ಟಿದ್ದರೂ, ಪಂಚರಾಗಿ (ಮಹಜರಿನ ಸಾಕ್ಷಿಗಳಾಗಿ) ಸಹಿ ಹಾಕಲು ನೆರೆಕರೆಯವರು ಹಿಂಜರಿದರೆ ನ್ಯಾಯಾಲಯದಲ್ಲಿ ಆ ಕಾಗದಕ್ಕೆ ಬಲ ಬರುವುದಿಲ್ಲ. ದಿನಾ ಮುಖ ನೋಡಬೇಕಾದವರ ವಿರುದ್ಧ ಸಾಕ್ಷಿಯಾಗುವುದು ಸುಲಭವಲ್ಲ, ನಿಜ. ಆದರೂ ಫೋನ್ ಮಾಡಿದ್ದಕ್ಕಿಂತ ಆ ಸಹಿಯೇ ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ. ಸಹಿಗೆ ಮೊದಲು ಸರ್ವೆ ನಂಬರ್, ಸಮಯ, ತಂತಿಯ ಉದ್ದ, ಯಾವ ಮರಕ್ಕೆ ಎಷ್ಟು ಎತ್ತರದಲ್ಲಿ ಕಟ್ಟಿತ್ತು ಎಂಬುದನ್ನು ಓದಿ ನೋಡಿರಿ. ನೀವು ಕಾಣದಿದ್ದುದನ್ನು ಬರೆದಿದ್ದರೆ ತಿದ್ದಿಸಿರಿ. ಚಿರತೆ ಕಾಯ್ದೆಯ ಮೊದಲನೇ ಅನುಸೂಚಿಯ (ಅತಿ ಹೆಚ್ಚು ರಕ್ಷಣೆಯ ಪಟ್ಟಿಯ) ಪ್ರಾಣಿಯಾದ ಕಾರಣ ಅದರ ಬೇಟೆಗೆ 3ರಿಂದ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಇಷ್ಟು ದೊಡ್ಡ ಶಿಕ್ಷೆಯ ಪ್ರಕರಣದಲ್ಲಿ ಒಂದು ತಪ್ಪು ಅಳತೆಯೂ ಆರೋಪಿಯ ವಕೀಲರಿಗೆ ಸಾಕು.

ಇನ್ನು, ಹಂದಿಯ ಹಾವಳಿ ನಿಮ್ಮ ತೋಟದಲ್ಲೇ ಇದ್ದರೆ ಬೆಳೆ ನಷ್ಟದ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಬಹುದು. ಸ್ಥಳ ನೋಡಲು ಬರುವವರೂ ಇದೇ ಸಿಬ್ಬಂದಿ. ಆದುದರಿಂದ ಮುರಿದ ಗಿಡಗಳನ್ನು ಅವರು ನೋಡುವ ಮೊದಲು ತೆರವುಗೊಳಿಸಬೇಡಿರಿ.